ಮೊಮ್ಮಗುವಿನ ಗುಂಗುರು ಕೂದಲು: ಆರೈಕೆ ಮತ್ತು ಅರಿವು

ಶರಣರು ದೇಹವನ್ನು ಹೀಗಳೆಯಲಿಲ್ಲ. ಅದನ್ನು ದೇವಾಲಯವೆಂದು ಕಂಡರು. ಅದರ ಶುಚಿತ್ವವನ್ನು ಪೂಜೆಯ ಅಂಗವೆಂದೇ ಭಾವಿಸಿದರು. ಆದುದರಿಂದ ಮಗುವಿನ ತಲೆಗೂದಲಿನ ಆರೈಕೆ ಎಂಬ ವಿಷಯ ಈ ಪತ್ರಿಕೆಯ ಪುಟಗಳಿಗೆ ಸಣ್ಣದೆಂದು ಯಾರೂ ತಿಳಿಯಬೇಕಾಗಿಲ್ಲ. ಮಗುವಿನ ನೆತ್ತಿಯ ಮೇಲೆ ಹಿರಿಯರು ಇಡುವ ಕೈ ಮತ್ತು ಆ ಹೊತ್ತಿನಲ್ಲಿ ಅವರ ಬಾಯಿಂದ ಬರುವ ಮಾತು ಇವೆರಡೂ ಆ ಮಗುವಿನ ಮನಸ್ಸಿನಲ್ಲಿ ಬಹುಕಾಲ ನೆಲೆಸುತ್ತವೆ.

1965ರಲ್ಲಿ ಅಮೆರಿಕವು ತನ್ನ ವಲಸೆ ಕಾನೂನನ್ನು ಬದಲಿಸಿದ ಮೇಲೆ ನಮ್ಮ ಸಮಾಜದ ವೈದ್ಯರು, ಇಂಜಿನಿಯರರು, ಪ್ರಾಧ್ಯಾಪಕರು ಆ ದೇಶಕ್ಕೆ ಹೋಗಿ ನೆಲೆಸತೊಡಗಿದರು. ಅವರ ಮಕ್ಕಳು ಅಲ್ಲಿಯೇ ಹುಟ್ಟಿ ಬೆಳೆದವರು. ಅವರಲ್ಲಿ ಕೆಲವರು ಆಫ್ರಿಕಾ ಮೂಲದ ಅಮೆರಿಕನ್ನರನ್ನು ಮೆಚ್ಚಿ ಮದುವೆಯಾಗಿದ್ದಾರೆ. ಬಾಣಂತನಕ್ಕೆಂದೋ ಮಗುವನ್ನು ನೋಡಿಕೊಳ್ಳಲೆಂದೋ ಇಲ್ಲಿಂದ ಹೋದ ಅಜ್ಜಿಯರಿಗೆ ಆ ಮೊಮ್ಮಕ್ಕಳ ಕೂದಲು ಹೊಸ ಸಂಗತಿ. ಅಂಥ ತಾಯಿಯೊಬ್ಬರು ನಮ್ಮನ್ನು ಕೇಳಿದರು: “ಮೊಮ್ಮಗಳಿಗೆ ಎರಡು ವರ್ಷ ಆತ್ರಿ. ಎಷ್ಟು ಎಣ್ಣಿ ಹಚ್ಚಿದರೂ ಕೂದಲು ಒಣಹುಲ್ಲಿನಂಗ ಆಗತೈತಿ. ಹಣಿಗಿ ಹಿಡಿದರ ಸಾಕು, ಕೂಸು ಅಳಾಕ ಹತ್ತತೈತಿ. ಒಮ್ಮೆ ಜವಳ ತೆಗಿಸಿದರ ಸುದ್ದ ಆಗತೈತಿ ಅಂದ್ರ ಅಳಿಯ ಒಲ್ಲೆ ಅಂತಾರ. ಏನ್ ಮಾಡೂಣ್ರಿ?”

ಈ ಒಂದು ಮಾತಿನಲ್ಲಿ ಮೂರು ಪ್ರಶ್ನೆಗಳಿವೆ. ಕೂದಲು ಒಣಗುವುದೇಕೆ? ನೋಯಿಸದೆ ಬಾಚುವುದು ಹೇಗೆ? ಜವಳದಿಂದ ಅದು ಬದಲಾಗುವುದೆ? ತಿಳಿದವರನ್ನು ವಿಚಾರಿಸಿ ಅರಿತುದನ್ನು ಇಲ್ಲಿ ಕ್ರಮವಾಗಿ ನಿವೇದಿಸುತ್ತೇವೆ.

ಒಣಗುವುದೇಕೆ?

ಕೂದಲಿನ ಆಕಾರವನ್ನು ನಿರ್ಧರಿಸುವುದು ಚರ್ಮದೊಳಗಿರುವ ಅದರ ಬುಡದ ಕೊಳವೆ. ಕೊಳವೆ ನೇರವಾಗಿದ್ದರೆ ಕೂದಲು ನೇರ. ಬಾಗಿದ್ದರೆ ಕೂದಲು ಸುರುಳಿ. ನೆತ್ತಿಯ ಚರ್ಮವು ಸ್ರವಿಸುವ ಸಹಜವಾದ ಜಿಡ್ಡು ನೇರವಾದ ಕೂದಲಿನ ಮೇಲೆ ಸರಾಗವಾಗಿ ತುದಿಯವರೆಗೂ ಇಳಿಯುತ್ತದೆ. ಸುರುಳಿಯ ಕೂದಲಿನಲ್ಲಿ ಅದು ಬುಡದಲ್ಲಿಯೇ ನಿಂತುಬಿಡುತ್ತದೆ. ಆದ್ದರಿಂದ ತುದಿಗಳು ಒಣಗುತ್ತವೆ. ಸುರುಳಿಯ ಪ್ರತಿಯೊಂದು ತಿರುವೂ ಕೂದಲು ತುಂಡಾಗಬಹುದಾದ ದುರ್ಬಲ ತಾಣ. ಹೀಗೆ ಒಣಗುವಿಕೆಯು ರೋಗವೂ ಅಲ್ಲ, ತಾಯಿಯ ಅಲಕ್ಷ್ಯವೂ ಅಲ್ಲ. ಅದು ಆ ಕೂದಲಿನ ಸ್ವಭಾವ. ಎರಡು ಮೂಲಗಳ ತಂದೆತಾಯಿಗೆ ಹುಟ್ಟಿದ ಮಗುವಿನ ಒಂದೇ ತಲೆಯಲ್ಲಿ ಎರಡು ಮೂರು ಬಗೆಯ ಕೂದಲು ಕಾಣುವುದೂ ಉಂಟು. ನೆತ್ತಿಯಲ್ಲಿ ಸಡಿಲವಾದ ಸುರುಳಿ ಇದ್ದರೆ ಹಿಂದಲೆಯಲ್ಲಿ ಬಿಗಿಯಾದದ್ದು ಇರಬಹುದು.

ಆರೈಕೆಯ ಕ್ರಮ

ಈ ಕೂದಲಿಗೆ ಮೊದಲು ಬೇಕಾದುದು ನೀರು; ಎಣ್ಣೆ ಅನಂತರದ್ದು. ಎಣ್ಣೆಯು ತಾನಾಗಿ ತೇವವನ್ನು ಕೊಡಲಾರದು, ಇರುವ ತೇವ ಆರಿಹೋಗದಂತೆ ಕಾಯಬಲ್ಲದು. ಒಣಗಿದ ಕೂದಲಿಗೆ ಎಷ್ಟು ಎಣ್ಣೆ ಸುರಿದರೂ ಪ್ರಯೋಜನವಾಗದಿರುವುದಕ್ಕೆ ಇದೇ ಕಾರಣ.

ದಿನವೂ ತಲೆ ತೊಳೆಯುವುದು ಬೇಡ. ಏಳರಿಂದ ಹತ್ತು ದಿನಕ್ಕೊಮ್ಮೆ, ಮಕ್ಕಳಿಗೆಂದೇ ತಯಾರಾದ ಸೌಮ್ಯವಾದ ಶಾಂಪೂವಿನಿಂದ, ಉಗುರು ಬೆಚ್ಚಗಿನ ನೀರಿನಲ್ಲಿ ತೊಳೆದರೆ ಸಾಕು. ಆಮೇಲೆ ಕಂಡೀಷನರನ್ನು ಧಾರಾಳವಾಗಿ ಹಚ್ಚಬೇಕು. ಕೂದಲನ್ನು ನಾಲ್ಕು ಭಾಗ ಮಾಡಿಕೊಂಡು, ಕಂಡೀಷನರ್ ಇರುವಾಗಲೇ ಮೊದಲು ಬೆರಳುಗಳಿಂದ ಗಂಟು ಬಿಡಿಸಿ, ಅನಂತರ ಅಗಲ ಹಲ್ಲಿನ ಹಣಿಗೆಯನ್ನು ಆಡಿಸಬೇಕು. ತುದಿಯಿಂದ ಆರಂಭಿಸಿ ಸ್ವಲ್ಪ ಸ್ವಲ್ಪವಾಗಿ ಬುಡದ ಕಡೆಗೆ ಬರಬೇಕು. ಬಾಚುವ ಜಾಗಕ್ಕಿಂತ ಮೇಲೆ ಇನ್ನೊಂದು ಕೈಯಲ್ಲಿ ಕೂದಲನ್ನು ಹಿಡಿದುಕೊಂಡರೆ ಬುಡ ಜಗ್ಗುವುದಿಲ್ಲ, ಮಗು ಅಳುವುದಿಲ್ಲ. ಒಣಗಿದ ಕೂದಲನ್ನು ಸಣ್ಣ ಹಲ್ಲಿನ ಹಣಿಗೆಯಿಂದ ನೆತ್ತಿಯಿಂದ ಕೆಳಕ್ಕೆ ಎಳೆಯುವುದು ನಮ್ಮ ಮನೆಗಳ ರೂಢಿ. ಈ ಕೂದಲಿಗೆ ಅದು ಹಿಂಸೆ.

ತೊಳೆದ ಮೇಲೆ ಟವೆಲ್ಲಿನಿಂದ ಉಜ್ಜದೆ, ಹಳೆಯ ಮೆತ್ತನೆಯ ಹತ್ತಿಬಟ್ಟೆಯಿಂದ ಒತ್ತಿ ನೀರು ತೆಗೆಯಬೇಕು. ಕೂದಲು ಇನ್ನೂ ಒದ್ದೆಯಾಗಿರುವಾಗ ತೊಳೆಯದೆ ಬಿಡುವ ಬಗೆಯ ಕಂಡೀಷನರನ್ನೋ ಕ್ರೀಮನ್ನೋ ಸವರಿ, ಅದರ ಮೇಲೆ ಕೆಲವು ಹನಿ ಎಣ್ಣೆಯನ್ನು ಸವರಬೇಕು. ಮಧ್ಯದ ದಿನಗಳಲ್ಲಿ ಬೆಳಿಗ್ಗೆ ನೀರು ಚಿಮುಕಿಸಿ ಕೈಯಿಂದ ತಿದ್ದಿದರೆ ಸಾಲುತ್ತದೆ. ರಾತ್ರಿ ಹತ್ತಿಯ ದಿಂಬು ತೇವವನ್ನು ಹೀರಿ, ಕೂದಲನ್ನು ಉಜ್ಜಿ ಗಂಟು ಮಾಡುತ್ತದೆ. ಆದಕಾರಣ ಅಲ್ಲಿನ ಮನೆಗಳಲ್ಲಿ ಹಾಸಿಗೆಗೆ ಸ್ಯಾಟಿನ್ ಅಥವಾ ರೇಷ್ಮೆಯ ಹೊದಿಕೆಯನ್ನು ಬಿಗಿಯಾಗಿ ಹಾಕುವ ಪದ್ಧತಿಯಿದೆ. ಒಂದು ವರ್ಷ ತುಂಬದ ಕೂಸಿನ ಬಳಿ ಮಾತ್ರ ದಿಂಬನ್ನೂ ಸಡಿಲವಾದ ಬಟ್ಟೆಯನ್ನೂ ಇಡಲೇಬಾರದು.

ನಮ್ಮ ಮನೆಯ ಸಾಮಗ್ರಿಗಳು

ಇಲ್ಲಿಂದ ಹೋಗುವ ತಾಯಂದಿರ ಪೆಟ್ಟಿಗೆಯಲ್ಲಿ ಕೊಬ್ಬರಿ ಎಣ್ಣೆ, ಹರಳೆಣ್ಣೆ, ಸೀಗೆಪುಡಿ, ಅಗಸೆ ಇದ್ದೇ ಇರುತ್ತವೆ. ಕೊಬ್ಬರಿ ಎಣ್ಣೆಗೆ ಕೂದಲಿನ ಒಳಕ್ಕೆ ಇಳಿಯುವ ಗುಣವಿದೆ. ತಲೆ ತೊಳೆಯುವ ಮೊದಲು ತುದಿಗಳಿಗೆ ಮಿತವಾಗಿ ಹಚ್ಚಬಹುದು. ನಾವು ಕೂಸಿನ ನೆತ್ತಿಗೆ ಒತ್ತುವ ಹರಳೆಣ್ಣೆಯನ್ನು ವೆಸ್ಟ್ ಇಂಡೀಸಿನ ಜಮೈಕಾದ ಆಫ್ರಿಕಾ ಮೂಲದ ಜನರೂ ತಲೆಗೆ ಬಳಸುತ್ತಾರೆಂಬುದು ಇಲ್ಲಿ ಸ್ಮರಣೀಯ. ಅದು ಬಹಳ ಮಂದವಾದುದರಿಂದ ಒಂದೆರಡು ಹನಿಯನ್ನು ಬೇರೆ ಎಣ್ಣೆಯಲ್ಲಿ ಬೆರೆಸಿ ಹಚ್ಚುವುದು ಲೇಸು. ನೆತ್ತಿಯಲ್ಲಿ ಹೊಟ್ಟು ಅಥವಾ ಕೆಂಪು ಕಂಡರೆ ಎಣ್ಣೆಯನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.

ಉತ್ತರ ಕರ್ನಾಟಕದ ಮನೆಗಳಲ್ಲಿ ಹಿಂಡಿಯಾಗಿ ರೊಟ್ಟಿಯ ಜೊತೆಗೆ ಬರುವ ಅಗಸೆಯು ಈ ಕೂದಲಿಗೆ ಒಳ್ಳೆಯ ಮಿತ್ರ. ಬೀಜವನ್ನು ನೀರಿನಲ್ಲಿ ಕುದಿಸಿ, ಬಿಸಿಯಿರುವಾಗಲೇ ತೆಳುಬಟ್ಟೆಯಲ್ಲಿ ಸೋಸಿದರೆ ಲೋಳೆ ಸಿಗುತ್ತದೆ. ಅದನ್ನು ಒದ್ದೆಗೂದಲಿಗೆ ಸವರಿದರೆ ಸುರುಳಿಗಳು ಅಂದವಾಗಿ ನಿಲ್ಲುತ್ತವೆ. ಫ್ರಿಜ್ಜಿನಲ್ಲಿಟ್ಟು ಕೆಲವೇ ದಿನಗಳಲ್ಲಿ ಬಳಸಿ ಮುಗಿಸಬೇಕು. ಸೀಗೆಪುಡಿ ಮತ್ತು ಕಡಲೆಹಿಟ್ಟು ಇಲ್ಲಿ ಹಿತವಲ್ಲ. ಅವು ಇರುವ ಜಿಡ್ಡನ್ನೂ ತೊಳೆದುಬಿಡುತ್ತವೆ. ಅವುಗಳ ತರಿ ಸುರುಳಿಗಳ ನಡುವೆ ಸಿಕ್ಕಿಕೊಳ್ಳುತ್ತದೆ.

ವರ್ಜಿಸಬೇಕಾದವು

ಬಿಗಿಯಾದ ಜಡೆ ಮತ್ತು ರಬ್ಬರ್ ಬ್ಯಾಂಡುಗಳು ಎಳೆಯ ಮಗುವಿನ ಬುಡಗಳನ್ನು ಜಗ್ಗಿ, ಹಣೆಯಂಚಿನ ಕೂದಲನ್ನು ಶಾಶ್ವತವಾಗಿ ಕಳೆಯಬಲ್ಲವು. ಜಡೆಗೆ ಪೋಣಿಸುವ ಮಣಿಗಳು ಬಿಚ್ಚಿ ಬಾಯಿಗೆ ಹೋದರೆ ಉಸಿರು ಕಟ್ಟುವ ಅಪಾಯವಿದೆ. ಕೂದಲನ್ನು ನೆಟ್ಟಗೆ ಮಾಡುವ ರಾಸಾಯನಿಕಗಳನ್ನು ಮಕ್ಕಳ ತಲೆಗೆ ಸೋಕಿಸಲೇಬಾರದು. ಅವುಗಳಿಂದ ಚರ್ಮ ಸುಡುತ್ತದೆ. 2022ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಇವನ್ನು ಮೇಲಿಂದ ಮೇಲೆ ಬಳಸಿದ ಮಹಿಳೆಯರಲ್ಲಿ ಗರ್ಭಕೋಶದ ಕ್ಯಾನ್ಸರ್ ಹೆಚ್ಚಾಗಿ ಕಂಡುಬಂದಿತು.

ಜವಳದ ವಿಚಾರ

ಎರಡು ಮೂರು ಸಲ ತಲೆ ಬೋಳಿಸಿದರೆ ಕೂದಲು ನೇರವಾಗಿ, ದಟ್ಟವಾಗಿ ಬರುತ್ತದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಕ್ಷೌರದ ಕತ್ತಿ ಮುಟ್ಟುವುದು ಚರ್ಮದ ಮೇಲಿನ ಕೂದಲನ್ನು ಮಾತ್ರ. ಒಳಗಿನ ಕೊಳವೆ ಇದ್ದಂತೆಯೇ ಇರುತ್ತದೆ. ಆದ್ದರಿಂದ ಸುರುಳಿ ಮತ್ತೆ ಸುರುಳಿಯಾಗಿಯೇ ಬರುತ್ತದೆ. ಮನೆದೇವರ ಸನ್ನಿಧಿಯಲ್ಲಿ ಜವಳ ತೆಗೆಸುವುದು ಕುಲಾಚಾರ. ತಂದೆತಾಯಿಗಳಿಬ್ಬರೂ ಒಪ್ಪಿದರೆ ಆ ಭಾವದಿಂದಲೇ ಮಾಡಿಸಬಹುದು. ಕೂದಲನ್ನು ತಿದ್ದುವ ಉಪಾಯವೆಂದು ಮಾಡಿಸುವುದಾದರೆ ಅದಕ್ಕೆ ಆಚಾರದ ಹೆಸರು ಸಲ್ಲದು.

ಆ ಅಳಿಯ ಒಲ್ಲೆನೆಂದುದರ ಹಿಂದೆ ದೊಡ್ಡದೊಂದು ಇತಿಹಾಸವಿರುವುದನ್ನೂ ಹಿರಿಯರು ಅರಿಯಬೇಕು. 1786ರಲ್ಲಿ, ಸ್ಪೇನಿನ ಆಳ್ವಿಕೆಯಲ್ಲಿದ್ದ ಲೂಸಿಯಾನಾದಲ್ಲಿ, ಆಫ್ರಿಕಾ ಮೂಲದ ಸ್ತ್ರೀಯರು ತಮ್ಮ ಕೂದಲನ್ನು ಬಟ್ಟೆಯಿಂದ ಮುಚ್ಚಿಕೊಳ್ಳಬೇಕೆಂದು ರಾಜ್ಯಪಾಲನು ಆಜ್ಞೆ ಮಾಡಿದ್ದನು. ಆಮೇಲೂ ತಲೆಮಾರುಗಳ ಕಾಲ ಆ ಜನರ ಕೂದಲನ್ನು ಕೆಟ್ಟದ್ದೆಂದು ಜರೆದು, ಶಾಲೆಗಳಲ್ಲಿಯೂ ಕಚೇರಿಗಳಲ್ಲಿಯೂ ಅವಮಾನಿಸಿದರು. ಕೂದಲಿನ ಸ್ವರೂಪದ ಕಾರಣಕ್ಕೆ ಭೇದ ಮಾಡಬಾರದೆಂಬ ‘ಕ್ರೌನ್ ಆಕ್ಟ್’ ಎಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ ಬಂದುದು 2019ರಲ್ಲಿ. ಅನಂತರ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಅಂಥ ಕಾನೂನು ಮಾಡಿವೆ. ಇಷ್ಟನ್ನು ಉಂಡವರ ಮನೆಯ ಮಗನಿಗೆ, ತನ್ನ ಮಗಳ ಕೂದಲನ್ನು ‘ಸುದ್ದ’ ಮಾಡಬೇಕೆಂಬ ಮಾತು ಹೇಗೆ ಕೇಳಿಸೀತು?

ಮಗು ಕೇಳಿಸಿಕೊಳ್ಳುತ್ತದೆ

2009ರಲ್ಲಿ ಐದು ವರ್ಷದ ಕಪ್ಪು ಬಾಲಕನೊಬ್ಬನು ಅಧ್ಯಕ್ಷರ ಕಚೇರಿಯಲ್ಲಿ ಬರಾಕ್ ಒಬಾಮರನ್ನು ಕಂಡು, ಅವರ ಕೂದಲು ತನ್ನದರಂತೆಯೇ ಇದೆಯೆ ಎಂದು ಮೆಲ್ಲಗೆ ಕೇಳಿದನು. ಅಧ್ಯಕ್ಷರು ತಲೆ ಬಾಗಿಸಿ ಮುಟ್ಟಿ ನೋಡೆಂದರು. ಆ ಛಾಯಾಚಿತ್ರ ಲೋಕವಿಖ್ಯಾತವಾಯಿತು. ಬಿಳಿಯ ತಾಯಿ, ಕೀನ್ಯಾದ ತಂದೆ, ಸಾಕಿದವರಲ್ಲಿ ಬಿಳಿಯ ಅಜ್ಜ ಅಜ್ಜಿ, ಹೀಗೆ ಒಬಾಮರೂ ಎರಡು ಮೂಲಗಳ ಕೂಸೇ. ತನ್ನಂತೆ ಇರುವವರು ಲೋಕದಲ್ಲಿ ಗೌರವದಿಂದ ಇದ್ದಾರೆಯೆ ಎಂಬುದನ್ನು ಮಗು ಎಷ್ಟು ಎಳೆಯ ವಯಸ್ಸಿನಲ್ಲಿ ಹುಡುಕುತ್ತದೆಂಬುದಕ್ಕೆ ಈ ಪ್ರಸಂಗ ಸಾಕ್ಷಿ.

ದೂರದ ಮಾತೇಕೆ? ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಂಚಿನಲ್ಲಿ ಆಫ್ರಿಕಾ ಮೂಲದ ಸಿದ್ದಿ ಬಂಧುಗಳು ತಲೆಮಾರುಗಳಿಂದ ಬಾಳುತ್ತಿದ್ದಾರೆ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಅವರ ಮಕ್ಕಳ ಕೂದಲೂ ಹೀಗೆಯೇ. ಆ ಕೂದಲನ್ನು ನೋಡಿ ನಗುವ ಚಾಳಿ ನಮ್ಮ ಊರುಗಳಲ್ಲಿದೆ. ಸ್ವಂತ ಮೊಮ್ಮಗುವಿನ ತಲೆಯಲ್ಲಿ ಅದೇ ಸುರುಳಿಯನ್ನು ಕಂಡಾಗಲಾದರೂ ಆ ನಗು ನಿಲ್ಲಬೇಕಲ್ಲವೆ?

ಅಮೆರಿಕದಲ್ಲಿ ವರ್ಣಾಂತರ ವಿವಾಹಕ್ಕಿದ್ದ ನಿಷೇಧವನ್ನು ಅಲ್ಲಿನ ಸುಪ್ರೀಂ ಕೋರ್ಟು ತೊಡೆದುಹಾಕಿದ್ದು 1967ರಲ್ಲಿ. ಅದಕ್ಕೆ ಎಂಟು ಶತಮಾನಗಳ ಹಿಂದೆಯೇ ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ಶರಣರು ಮದುವೆ ಮಾಡಿದರು. ಅದಕ್ಕಾಗಿ ಆ ತಂದೆಯರು ಎಳೆಹೂಟೆಯ ಶಿಕ್ಷೆಯನ್ನು ಅನುಭವಿಸಿದರೆಂದು ನಮ್ಮ ಪರಂಪರೆ ನೆನೆಯುತ್ತದೆ. ಆ ಪರಂಪರೆಯವರ ಮನೆಯಲ್ಲಿ ‘ಇದರ ಕೂದಲು ನಮ್ಮಂಗಿಲ್ಲ’ ಎಂಬ ನಿಟ್ಟುಸಿರು ಕೇಳಬಾರದು.

ಆ ತಾಯಿಗೆ ನಾವು ಹೇಳಿದುದು ಇಷ್ಟೇ: ಇನ್ನೊಮ್ಮೆ ಹೋದಾಗ ಮೊದಲು ಬೀಗತಿಯನ್ನು ಕಾಣಿರಿ. ಈ ಕೂದಲಿನ ವಿದ್ಯೆ ಅವರ ಮನೆಯಲ್ಲಿ ತಾಯಿಯಿಂದ ಮಗಳಿಗೆ ಬಂದುದು. ಅವರ ಪಕ್ಕದಲ್ಲಿ ಕುಳಿತು, ಕೂಸಿನ ತಲೆಯನ್ನು ಅವರು ಹೇಗೆ ವಿಂಗಡಿಸುತ್ತಾರೆ, ಹೇಗೆ ಹಿಡಿಯುತ್ತಾರೆ ಎಂಬುದನ್ನು ನೋಡಿ ಕಲಿಯಿರಿ. ನೀವು ಅಗಸೆಯ ಲೋಳೆಯನ್ನು ಅವರಿಗೆ ತೋರಿಸಿಕೊಡಿರಿ. ಮೊಮ್ಮಗಳ ಹಣೆಗೆ ವಿಭೂತಿ ಹಚ್ಚಿದ ಕೈಯಿಂದಲೇ ಆ ಸುರುಳಿಗಳನ್ನು ನೇವರಿಸಿ, ‘ಎಷ್ಟು ಚೆಂದ ಅದಾವವ್ವ ನಿನ್ನ ಕೂದಲು’ ಎನ್ನಿರಿ. ಎರಡು ವರ್ಷದ ಕೂಸಿಗೆ ಭಾಷೆ ಪೂರ್ತಿ ತಿಳಿಯದಿದ್ದರೂ ಅಜ್ಜಿಯ ಕೈ ಏನು ಹೇಳುತ್ತದೆಂಬುದು ತಿಳಿಯುತ್ತದೆ.