ಪರದೇಶದ ಮಣ್ಣಿನಲ್ಲಿ ಭಾರತೀಯ ಯೋಧರು: ಸಮರ ಸ್ಮಶಾನಗಳು ಮತ್ತು ಸ್ಮಾರಕಗಳು

ಹುಮನಾಬಾದ ತಾಲ್ಲೂಕಿನ ಜಲಸಂಗಿಯಲ್ಲಿರುವ ಚಾಲುಕ್ಯರ ಕಾಲದ ದೇವಾಲಯದ ಹೊರಗೋಡೆಯ ಮೇಲೆ ಶಾಸನವನ್ನು ಬರೆಯುತ್ತಿರುವ ಸುಂದರಿಯೊಬ್ಬಳ ಶಿಲ್ಪವಿದೆ. ಆಕೆ ಬರೆಯುತ್ತಿರುವುದು ಕಲ್ಯಾಣದ ಅರಸ ಆರನೆಯ ವಿಕ್ರಮಾದಿತ್ಯನ ಕೀರ್ತಿಯನ್ನು. ರಾಜ್ಯ ಅಳಿದು ಶತಮಾನಗಳು ಸಂದರೂ ಅರಸನ ಹೆಸರು ಆ ಕಲ್ಲಿನಲ್ಲಿ ಉಳಿದಿದೆ. ಆದರೆ ಕನ್ನಡ ನಾಡಿನ ಶಿಲ್ಪಿಗಳು ಅರಸರ ಹೆಸರನ್ನು ಮಾತ್ರ ಕಂಡರಿಸಿದವರಲ್ಲ. ತುರುಗಳನ್ನು ಕಾಯಲು ಹೋಗಿ ಮಡಿದವನಿಗೆ, ಊರಿನ ರಕ್ಷಣೆಗಾಗಿ ಪ್ರಾಣ ತೆತ್ತವನಿಗೆ, ಆತನ ಕುಲ ಪದವಿಗಳನ್ನು ನೋಡದೆ ವೀರಗಲ್ಲನ್ನು ನಿಲ್ಲಿಸಿದವರು ಅವರು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವ ದೃಶ್ಯ, ಮೇಲೆ ಕೈಲಾಸದಲ್ಲಿ ಶಿವಸಾನ್ನಿಧ್ಯ. ಇದು ವೀರಗಲ್ಲುಗಳ ಸಾಮಾನ್ಯ ಕ್ರಮ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಕಲ್ಲೊಂದರಲ್ಲಿ ಹಂದಿಯೊಡನೆ ಕಾದಿ ಸತ್ತ ಕಾಳಿ ಎಂಬ ನಾಯಿಯ ಹೆಸರೂ ದಾಖಲಾಗಿದೆ. ಮಡಿದವರ ಹೆಸರು ಅಳಿಯಬಾರದೆಂಬ ನಿಷ್ಠೆ ಈ ನಾಡಿನಲ್ಲಿ ಅಷ್ಟು ಗಾಢವಾಗಿತ್ತು.

ಊರ ಗಡಿಯಲ್ಲಿ ಸತ್ತವನಿಗೆ ಊರವರು ಕಲ್ಲು ನಿಲ್ಲಿಸಬಲ್ಲರು. ಏಳು ಸಮುದ್ರಗಳಾಚೆ ಸತ್ತವನಿಗೆ ನಿಲ್ಲಿಸುವವರು ಯಾರು? 1914ರಲ್ಲಿ ಆರಂಭವಾದ ಮೊದಲನೆಯ ಮಹಾಯುದ್ಧವು ಭಾರತದ ಮುಂದೆ ಇಟ್ಟ ಪ್ರಶ್ನೆ ಇದು. ಆ ಯುದ್ಧದ ಅವಧಿಯಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿದ ಭಾರತೀಯರು ಕಡಲು ದಾಟಿ ಫ್ರಾನ್ಸ್, ಈಜಿಪ್ಟ್, ಪ್ಯಾಲೆಸ್ಟೈನ್, ಮೆಸೊಪೊಟೇಮಿಯ, ಪೂರ್ವ ಆಫ್ರಿಕಗಳಿಗೆ ತೆರಳಿದರು. ಅವರಲ್ಲಿ ಸೈನಿಕರಷ್ಟೇ ಅಲ್ಲದೆ ಹೇಸರಗತ್ತೆ ನಡೆಸುವವರು, ನೀರು ಹೊರುವವರು, ಅಡುಗೆಯವರು, ಕೂಲಿ ಪಡೆಯವರು ಸಹ ಇದ್ದರು. ಸುಮಾರು 74,000 ಮಂದಿ ಹಿಂದಿರುಗಲಿಲ್ಲ.

ಮೂರು ಪ್ರತಿಮೆಗಳು, ಎರಡು ಸಂಸ್ಥಾನಗಳು

ಆಗ ಕಲ್ಯಾಣವೂ ಹುಮನಾಬಾದವೂ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಕಲ್ಯಾಣವು ಅಲ್ಲಿನ ನವಾಬರ ಜಹಗೀರಾಗಿತ್ತು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನಗೊಂಡು, 1956ರ ನವೆಂಬರ್ 1ರಂದು ಬೀದರ, ಕಲಬುರಗಿ, ರಾಯಚೂರು ಪ್ರದೇಶಗಳು ವಿಶಾಲ ಮೈಸೂರು ರಾಜ್ಯವನ್ನು ಸೇರಿದವು. ಮಹಾಯುದ್ಧದ ಕಾಲಕ್ಕೆ ಬ್ರಿಟಿಷರ ಭಾರತೀಯ ಸೈನ್ಯವಲ್ಲದೆ ಸಂಸ್ಥಾನಗಳು ತಮ್ಮ ಖರ್ಚಿನಲ್ಲಿ ಸಾಕಿ ಸಾಮ್ರಾಜ್ಯದ ಸೇವೆಗೆ ಒದಗಿಸುತ್ತಿದ್ದ ಪಡೆಗಳೂ ಇದ್ದವು. ಹೈದರಾಬಾದ್, ಮೈಸೂರು ಮೊದಲಾದ ಸಂಸ್ಥಾನಗಳ ಅಶ್ವದಳಗಳಿಂದ ಕೂಡಿದ ಒಂದು ಬ್ರಿಗೇಡು ಈಜಿಪ್ಟಿಗೆ ತೆರಳಿ ಮೊದಲು ಸೂಯೆಜ್ ಕಾಲುವೆಯ ರಕ್ಷಣೆಯಲ್ಲಿ, ಅನಂತರ ಪ್ಯಾಲೆಸ್ಟೈನಿನ ದಂಡಯಾತ್ರೆಯಲ್ಲಿ ಪಾಲ್ಗೊಂಡಿತು.

1918ರ ಸೆಪ್ಟೆಂಬರ್ 23ರಂದು ಈ ಬ್ರಿಗೇಡಿನ ಪಾಲಿಗೆ ಬಂದ ಕಾರ್ಯ ಹೈಫಾ ಬಂದರನ್ನು ವಶಪಡಿಸಿಕೊಳ್ಳುವುದು. ಒಂದೆಡೆ ಕಾರ್ಮೆಲ್ ಬೆಟ್ಟ, ಇನ್ನೊಂದೆಡೆ ಕೀಶೋನ್ ಹೊಳೆಯ ಜೌಗು ನೆಲ, ನಡುವೆ ಇಕ್ಕಟ್ಟಾದ ದಾರಿ. ಬೆಟ್ಟದ ಮೇಲೆ ತುರ್ಕರ ಫಿರಂಗಿಗಳೂ ಜರ್ಮನ್ ಮೆಷಿನ್‌ಗನ್ನುಗಳೂ ಕಾದಿದ್ದವು. ಮೈಸೂರು ಅಶ್ವದಳದ ತುಕಡಿಯೊಂದು ಕಡಿದಾದ ಬೆಟ್ಟವನ್ನೇರಿ ಫಿರಂಗಿಗಳತ್ತ ಸಾಗಿತು. ಜೋಧಪುರದ ಸವಾರರು ಭರ್ಜಿ ಹಿಡಿದು ನಗರದತ್ತ ನುಗ್ಗಿದರು. ಸಂಜೆಯೊಳಗೆ ನಗರ ಕೈವಶವಾಯಿತು. ಸಾವಿರದ ಮುನ್ನೂರಕ್ಕೂ ಹೆಚ್ಚು ಮಂದಿ ಸೆರೆಸಿಕ್ಕರು. ಜೋಧಪುರ ದಳದ ಮೇಜರ್ ದಳಪತ್ ಸಿಂಹ ಅಂದು ಮಡಿದವರಲ್ಲಿ ಒಬ್ಬನು. ಹೈಫಾದಲ್ಲಿ ಭಾರತೀಯ ಯೋಧರಿಗಾಗಿಯೇ ಸ್ಮಶಾನವಿದ್ದು, 2017ರ ಜುಲೈನಲ್ಲಿ ಭಾರತದ ಪ್ರಧಾನಿಯವರು ಅಲ್ಲಿಗೆ ಭೇಟಿ ನೀಡಿ ಗೌರವ ಸಲ್ಲಿಸಿದರು.

ದೆಹಲಿಯ ತೀನ್‌ಮೂರ್ತಿ ಎಂಬ ಸ್ಥಳಕ್ಕೆ ಆ ಹೆಸರು ಬಂದುದು 1922ರಲ್ಲಿ ಅಲ್ಲಿ ಸ್ಥಾಪನೆಗೊಂಡ ಮೂವರು ಸೈನಿಕರ ಕಂಚಿನ ಪ್ರತಿಮೆಗಳಿಂದ. ಅವು ಜೋಧಪುರ, ಹೈದರಾಬಾದ್, ಮೈಸೂರು ಅಶ್ವದಳಗಳನ್ನು ಪ್ರತಿನಿಧಿಸುತ್ತವೆ. 2018ರ ಜನವರಿಯಲ್ಲಿ ಆ ವೃತ್ತಕ್ಕೆ ತೀನ್‌ಮೂರ್ತಿ ಹೈಫಾ ಚೌಕ ಎಂದು ನಾಮಕರಣವಾಯಿತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಅಶ್ವದಳದ ಸ್ಮಾರಕವಿದೆ. ದೆಹಲಿಯ ಮೂರು ಪ್ರತಿಮೆಗಳಲ್ಲಿ ಎರಡು, ಇಂದಿನ ಕರ್ನಾಟಕವು ಯಾವ ಎರಡು ಸಂಸ್ಥಾನಗಳ ಪ್ರದೇಶಗಳನ್ನು ಒಳಗೊಂಡಿದೆಯೋ ಅವುಗಳವು. ಹಳೆಯ ಮೈಸೂರಿನವರು ಈ ಪ್ರತಿಮೆಗಳೊಡನೆ ತಮಗಿರುವ ಸಂಬಂಧವನ್ನು ಸಹಜವಾಗಿ ನೆನೆಯುತ್ತಾರೆ. ಕಲ್ಯಾಣ ಕರ್ನಾಟಕದವರಿಗೂ ಅಷ್ಟೇ ಹಕ್ಕುಳ್ಳ ಸಂಬಂಧ ಅದು.

ಸಮರ ಸ್ಮಶಾನದ ವ್ಯವಸ್ಥೆ

ಮಹಾಯುದ್ಧಕ್ಕೆ ಮುನ್ನ ಸಾಮಾನ್ಯ ಸಿಪಾಯಿಯ ಗೋರಿಯನ್ನು ಕಾಪಾಡುವ ಪದ್ಧತಿ ಯೂರೋಪಿನಲ್ಲಿಯೂ ಬಹುಮಟ್ಟಿಗೆ ಇರಲಿಲ್ಲ. ದಳಪತಿಗಳಿಗೆ ಸ್ಮಾರಕ, ಸಿಪಾಯಿಗಳಿಗೆ ಸಾಮೂಹಿಕ ಗುಂಡಿ, ಇದೇ ರೂಢಿಯಾಗಿತ್ತು. ಫ್ರಾನ್ಸಿನ ರಣರಂಗದಲ್ಲಿ ರೆಡ್‌ಕ್ರಾಸ್ ತಂಡವೊಂದರ ಮುಖ್ಯಸ್ಥನಾಗಿದ್ದ ಫೇಬಿಯನ್ ವೇರ್ ಎಂಬಾತನು ಗೋರಿಗಳ ಗುರುತನ್ನು ಬರೆದಿಡುವ ಕೆಲಸವನ್ನು ಆರಂಭಿಸಿದನು. ಆ ಪ್ರಯತ್ನದಿಂದಲೇ 1917ರ ಮೇ ತಿಂಗಳಲ್ಲಿ ಸಾಮ್ರಾಜ್ಯದ ಸಮರ ಸಮಾಧಿ ಆಯೋಗ ಅಸ್ತಿತ್ವಕ್ಕೆ ಬಂದಿತು. 1960ರಲ್ಲಿ ಅದು ಕಾಮನ್‌ವೆಲ್ತ್ ಸಮರ ಸಮಾಧಿ ಆಯೋಗವೆಂದು ಹೆಸರು ಬದಲಿಸಿಕೊಂಡಿತು. ಇಂದು 150ಕ್ಕೂ ಹೆಚ್ಚು ದೇಶಗಳಲ್ಲಿ, 23,000 ಸ್ಥಳಗಳಲ್ಲಿ, ಎರಡು ಮಹಾಯುದ್ಧಗಳಲ್ಲಿ ಮಡಿದ ಸುಮಾರು 17 ಲಕ್ಷ ಮಂದಿಯ ಸ್ಮರಣೆಯನ್ನು ಅದು ಕಾಪಾಡುತ್ತಿದೆ.

ಈ ಆಯೋಗದ ಮೂಲತತ್ತ್ವಗಳು ಸರಳವಾದವು. ಮಡಿದ ಪ್ರತಿಯೊಬ್ಬನ ಹೆಸರೂ ಗೋರಿಯ ಮೇಲಾಗಲಿ ಸ್ಮಾರಕದ ಮೇಲಾಗಲಿ ಕೆತ್ತಲ್ಪಡಬೇಕು. ಕಲ್ಲು ಶಾಶ್ವತವಾಗಿರಬೇಕು. ಎಲ್ಲ ಕಲ್ಲುಗಳೂ ಒಂದೇ ಅಳತೆಯವಾಗಿದ್ದು, ಪದವಿ, ವರ್ಣ, ಮತಗಳ ಭೇದವಿರಬಾರದು. ಶ್ರೀಮಂತರು ಮಾತ್ರ ತಮ್ಮವರ ದೇಹವನ್ನು ಊರಿಗೆ ತರಿಸಿಕೊಂಡು ಬಡವರ ಮಕ್ಕಳು ಪರದೇಶದಲ್ಲಿ ಉಳಿಯುವ ತಾರತಮ್ಯ ಬೇಡವೆಂದು ಯಾರ ದೇಹವನ್ನೂ ಹಿಂದಕ್ಕೆ ಒಯ್ಯಬಾರದೆಂಬ ನಿಯಮವಾಯಿತು. ಭಾರತೀಯರ ಗೋರಿಗಲ್ಲುಗಳ ಮೇಲೆ ಅವರವರ ಮತಕ್ಕನುಸಾರವಾಗಿ ಓಂಕಾರ ಅಥವಾ ಅರಬ್ಬಿ ಲಿಪಿಯ ವಾಕ್ಯ ಮೊದಲಾದ ಗುರುತುಗಳನ್ನು ಕಾಣಬಹುದು.

ಇಂತಹ ಸ್ಮಶಾನ 'ಸಂರಕ್ಷಿತ'ವೆನಿಸಿಕೊಳ್ಳುವುದು ಗೋಡೆ ಬಾಗಿಲುಗಳಿಂದಲ್ಲ, ಒಪ್ಪಂದದಿಂದ. ಫ್ರಾನ್ಸ್ ದೇಶವು 1915ರ ಡಿಸೆಂಬರಿನಲ್ಲಿಯೇ ಕಾನೂನೊಂದನ್ನು ಮಾಡಿ ಮಿತ್ರಪಡೆಗಳ ಗೋರಿಗಳ ನೆಲವನ್ನು ಶಾಶ್ವತವಾಗಿ ಬಿಟ್ಟುಕೊಟ್ಟಿತು. ಆದರೂ ರಾಜಕೀಯ ಪರಿಸ್ಥಿತಿ ಬದಲಾದಾಗ ರಕ್ಷಣೆ ತಪ್ಪಬಹುದೆಂಬುದಕ್ಕೆ ಜರ್ಮನಿಯ ಜೆಹ್ರೆನ್ಸ್‌ಡಾರ್ಫ್ ನಿದರ್ಶನವಾಗಿದೆ. ಸೆರೆಯಾಳುಗಳಾಗಿ ಅಲ್ಲಿ ಸತ್ತ ಭಾರತೀಯರ ಸ್ಮಶಾನವು ಎರಡನೆಯ ಮಹಾಯುದ್ಧಾನಂತರ ಪೂರ್ವ ಜರ್ಮನಿಯ ಪಾಲಾಗಿ, ನೋಡಿಕೊಳ್ಳಲು ಸಾಧ್ಯವಾಗದೆ ಹೋಯಿತು. 1964ರಲ್ಲಿ ಅಲ್ಲಿನ 200ಕ್ಕೂ ಹೆಚ್ಚು ಹೆಸರುಗಳನ್ನು ಫ್ರಾನ್ಸಿನ ನವ್ ಶಾಪೆಲ್ ಸ್ಮಾರಕದ ಕಂಚಿನ ಫಲಕದಲ್ಲಿ ಸೇರಿಸಲಾಯಿತು. ಜರ್ಮನಿಯ ಏಕೀಕರಣದ ನಂತರ ಆ ಸ್ಮಶಾನದ ಜೀರ್ಣೋದ್ಧಾರವೂ ಆಯಿತು.

ಮಂದಿರವಿಲ್ಲದ ಮಂದಿರ

ಯೂರೋಪಿನ ಸಮರ ಸ್ಮಶಾನಗಳಲ್ಲಿ ಶಿಲುಬೆಯನ್ನೂ ಕೆಲವೆಡೆ ಸಣ್ಣ ಪ್ರಾರ್ಥನಾ ಮಂದಿರವನ್ನೂ ನಿರ್ಮಿಸುವುದುಂಟು. ಹಿಂದೂ, ಮುಸಲ್ಮಾನ, ಸಿಖ್ಖರೆಲ್ಲರೂ ಕೂಡಿದ್ದ ಭಾರತೀಯ ಪಡೆಗೆ ಇದು ಹೊಂದುವಂತಿರಲಿಲ್ಲ. ಆದುದರಿಂದ ಬೇರೆ ರೂಪವನ್ನು ಹುಡುಕಬೇಕಾಯಿತು. ನವ್ ಶಾಪೆಲ್ ಎಂಬ ಊರಿನ ಹೆಸರಿಗೆ ಹೊಸ ಪ್ರಾರ್ಥನಾ ಮಂದಿರ ಎಂದೇ ಅರ್ಥ. 1915ರ ಮಾರ್ಚ್ 10ರಿಂದ 13ರ ವರೆಗೆ ಅಲ್ಲಿ ನಡೆದ ಕದನದಲ್ಲಿ ದಾಳಿ ಮಾಡಿದ ಪಡೆಯ ಸುಮಾರು ಅರ್ಧ ಭಾಗ ಭಾರತೀಯರಾಗಿದ್ದು, ನಾಲ್ಕು ಸಾವಿರಕ್ಕೂ ಹೆಚ್ಚು ಭಾರತೀಯರು ಸತ್ತರು ಅಥವಾ ಗಾಯಗೊಂಡರು. ಹರ್ಬರ್ಟ್ ಬೇಕರ್ ಎಂಬ ವಾಸ್ತುಶಿಲ್ಪಿಯು ಅಲ್ಲಿ ವರ್ತುಲಾಕಾರದ ಆವರಣವನ್ನೂ, ಜಾಲಂಧ್ರದ ಗೋಡೆಯನ್ನೂ, ಅಶೋಕನ ಸ್ತಂಭಗಳನ್ನು ಹೋಲುವ ಸುಮಾರು 15 ಮೀಟರು ಎತ್ತರದ ಕಂಬವನ್ನೂ ರಚಿಸಿದನು. ಕಂಬದ ಇಕ್ಕೆಲಗಳಲ್ಲಿ ಹುಲಿಗಳು ಕಾವಲಿವೆ. 1927ರ ಅಕ್ಟೋಬರ್ 7ರಂದು ಉದ್ಘಾಟನೆಗೊಂಡ ಈ ಸ್ಮಾರಕದಲ್ಲಿ, ಗೋರಿಯ ಗುರುತೇ ಸಿಗದ 4,700ಕ್ಕೂ ಹೆಚ್ಚು ಭಾರತೀಯ ಸೈನಿಕರ ಹಾಗೂ ಕೂಲಿ ಪಡೆಯವರ ಹೆಸರುಗಳಿವೆ.

ಇಂಗ್ಲೆಂಡಿನ ಬ್ರೈಟನ್ ಬಳಿಯ ಛತ್ರಿಯದು ಇನ್ನೊಂದು ಬಗೆ. ಗಾಯಗೊಂಡು ಅಲ್ಲಿನ ಆಸ್ಪತ್ರೆಗಳಲ್ಲಿ ಸತ್ತ 53 ಮಂದಿ ಹಿಂದೂ ಮತ್ತು ಸಿಖ್ ಯೋಧರನ್ನು ದಹಿಸಿದ ಗುಡ್ಡದ ಮೇಲೆ ಬಿಳಿ ಅಮೃತಶಿಲೆಯ ಮಂಟಪವನ್ನು ಕಟ್ಟಿ 1921ರ ಫೆಬ್ರವರಿಯಲ್ಲಿ ಉದ್ಘಾಟಿಸಲಾಯಿತು. ನೋಡಲು ಅದು ಅತ್ಯಂತ ರಮಣೀಯ. ಆದರೆ ಸತ್ತವರ ಹೆಸರುಗಳು ಅದರ ಮೇಲಿರಲಿಲ್ಲ. 53 ಹೆಸರುಗಳನ್ನೂ ಕೆತ್ತಿದ ಕಲ್ಲನ್ನು ಅದರ ಸಮೀಪ ನಿಲ್ಲಿಸಿದುದು 2010ರಲ್ಲಿ.

ಹೆಸರಿಲ್ಲದವರು

ಬ್ರೈಟನ್ನಿನ ಕೊರತೆ ಒಂಟಿ ಕೊರತೆಯಲ್ಲ. ಮೆಸೊಪೊಟೇಮಿಯದಲ್ಲಿ, ಎಂದರೆ ಇಂದಿನ ಇರಾಕಿನಲ್ಲಿ, ಮಡಿದು ಗೋರಿ ಕಾಣದ 40,000ಕ್ಕೂ ಹೆಚ್ಚು ಮಂದಿಗಾಗಿ ಬಾಸ್ರಾದಲ್ಲಿ 1929ರಲ್ಲಿ ಸ್ಮಾರಕ ಸಿದ್ಧವಾಯಿತು. ಅವರಲ್ಲಿ ಬಹುಸಂಖ್ಯೆಯವರು ಭಾರತೀಯರು. ಬ್ರಿಟಿಷ್ ಸೈನಿಕರ ಹೆಸರುಗಳನ್ನು ಗೋಡೆಯ ಮೇಲೆ ಒಂದೊಂದಾಗಿ ಕೆತ್ತಿದರು. ಭಾರತೀಯರ ಪೈಕಿ ಅಧಿಕಾರಿಗಳ ಹೆಸರನ್ನು ಮಾತ್ರ ಕೆತ್ತಿ, ಉಳಿದವರನ್ನು ಇಂತಹ ದಳದ ಇಂತಿಷ್ಟು ಮಂದಿ ಎಂದು ಸಂಖ್ಯೆಯಲ್ಲಿ ಸೂಚಿಸಿದರು. ಯುದ್ಧಾನಂತರ ಭಾರತದ ಅನೇಕ ಹಳ್ಳಿಗಳಲ್ಲಿ ಸರಕಾರವು ಹಾಕಿಸಿದ ಕಲ್ಲುಗಳೂ ಹೀಗೆಯೇ: ಈ ಊರಿನಿಂದ ಹೋದವರು ಇಷ್ಟು, ಮಡಿದವರು ಇಷ್ಟು. ಹೋದವರು ಯಾರೆಂದು ಆ ಕಲ್ಲು ಹೇಳುವುದಿಲ್ಲ. ಸಮಾನತೆಯನ್ನು ಸಾರಿದ ಆಯೋಗವು ಸಾಮ್ರಾಜ್ಯದ ಪ್ರಜೆಗಳ ವಿಷಯದಲ್ಲಿ ಅದನ್ನು ಪಾಲಿಸಲಿಲ್ಲ.

ಈ ಸಂಗತಿಯನ್ನು ಆಯೋಗವೇ 2021ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ವರದಿಯಲ್ಲಿ ಒಪ್ಪಿಕೊಂಡಿತು. ಆಫ್ರಿಕ, ಏಷ್ಯಗಳ 45,000ದಿಂದ 54,000 ಯೋಧರಿಗೆ ಅಸಮಾನವಾದ ಸ್ಮರಣೆ ದೊರಕಿತೆಂದೂ, ಕನಿಷ್ಠ 1,16,000 ಮಂದಿ, ಬಹುಶಃ 3,50,000ದ ವರೆಗೆ, ಹೆಸರಿನಿಂದ ಸ್ಮರಿಸಲ್ಪಡಲೇ ಇಲ್ಲವೆಂದೂ ಆ ವರದಿ ತಿಳಿಸಿತು. ಬ್ರಿಟನ್ನಿನ ರಕ್ಷಣಾ ಸಚಿವರು ಸಂಸತ್ತಿನಲ್ಲಿ ಕ್ಷಮೆ ಯಾಚಿಸಿದರು. ತಪ್ಪನ್ನು ಒಪ್ಪಿಕೊಂಡುದು ಶ್ಲಾಘನೀಯವೇ. ಆದರೆ ಹೆಸರುಗಳು ದೊರೆತ ಹೊರತು ಆ ಕ್ಷಮಾಯಾಚನೆ ಸಾರ್ಥಕವಾಗದು.

ಈ ಭಾಗದವರ ಕರ್ತವ್ಯ

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ದಳದ ಹೆಸರು ಹೈದರಾಬಾದಿನದು ಅಥವಾ ದಖ್ಖನ್ನಿನದು ಎಂದಮಾತ್ರಕ್ಕೆ ಅದರಲ್ಲಿದ್ದವರೆಲ್ಲರೂ ಈ ನೆಲದವರೆಂದು ಭಾವಿಸಲಾಗದು. ನಿಜಾಮರ ಹಣದಿಂದ ನಡೆಯುತ್ತಿದ್ದ ಹೈದರಾಬಾದ್ ಕಂಟಿಂಜೆಂಟ್ ಪಡೆಯಿಂದ ಬೆಳೆದು, 1916ರ ಜುಲೈ 14ರಂದು ಫ್ರಾನ್ಸಿನ ಸೋಮ್ ಕದನದಲ್ಲಿ ಭರ್ಜಿ ಹಿಡಿದು ಹೋರಾಡಿದ 20ನೆಯ ಡೆಕ್ಕನ್ ಹಾರ್ಸ್ ದಳದಲ್ಲಿ ದಖ್ಖನಿ ಮುಸಲ್ಮಾನರೊಂದಿಗೆ ಸಿಖ್ಖರೂ ಜಾಟರೂ ಇದ್ದರು. ಆದುದರಿಂದ ಬೀದರ ಸೀಮೆಯಿಂದ ಹೋದವರು ಯಾರು ಎಂಬುದನ್ನು ದಳದ ಹೆಸರಿನಿಂದ ಅರಿಯಲಾಗದು, ಊರೂರಿನಲ್ಲಿಯೇ ಹುಡುಕಬೇಕು.

ಇದು ಅಸಾಧ್ಯವಾದ ಕೆಲಸವಲ್ಲ. ಪಂಜಾಬ್ ಸರಕಾರವು ಯುದ್ಧಾನಂತರ ಗ್ರಾಮವಾರು ಸಿದ್ಧಪಡಿಸಿದ್ದ ಸುಮಾರು 3,20,000 ಮಂದಿಯ ದಾಖಲೆಗಳು ಲಾಹೋರಿನ ವಸ್ತುಸಂಗ್ರಹಾಲಯದಲ್ಲಿ ಬಹುಕಾಲ ಯಾರ ಗಮನಕ್ಕೂ ಬಾರದೆ ಇದ್ದು, 2021ರಿಂದ ಬೆಳಕಿಗೆ ಬಂದವು. ಎಷ್ಟೋ ಕುಟುಂಬಗಳು ತಮ್ಮ ಮುತ್ತಜ್ಜಂದಿರನ್ನು ಅವುಗಳಲ್ಲಿ ಗುರುತಿಸಿದವು. ನಿಜಾಮರ ಆಡಳಿತದ ಕಡತಗಳು ಹೈದರಾಬಾದಿನ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿವೆ. ಅವುಗಳ ಭಾಷೆ ಬಹುತೇಕ ಪಾರಸಿ ಮತ್ತು ಉರ್ದು. ಉರ್ದು ಬಲ್ಲ ಅಧ್ಯಾಪಕರಿಗೆ ಬೀದರ ಜಿಲ್ಲೆಯಲ್ಲಿ ಕೊರತೆಯಿಲ್ಲ.

ಪತ್ರಾಗಾರಕ್ಕೆ ಹೋಗುವ ಮುನ್ನ ಮನೆಯಲ್ಲಿ ಹುಡುಕಬಹುದಾದ ವಸ್ತುವೊಂದಿದೆ. ಮೊದಲನೆಯ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದವರಿಗೆ ನೀಡಿದ ಬೆಳ್ಳಿಯ ಯುದ್ಧಪದಕದ ಅಂಚಿನಲ್ಲಿ ಸೈನಿಕನ ಸಂಖ್ಯೆ, ಹೆಸರು, ದಳ ಇವು ಸಣ್ಣ ಅಕ್ಷರಗಳಲ್ಲಿ ಕೊರೆಯಲ್ಪಟ್ಟಿರುತ್ತವೆ. ಕೂಲಿ ಪಡೆಯವರಿಗೆ ಇಂತಹದೇ ಕಂಚಿನ ಪದಕ ದೊರೆಯುತ್ತಿತ್ತು. ಬೆಳ್ಳಿಯ ಬೆಲೆಗೆ ಮಾರಿ ಕರಗಿಸಿದ ಪದಕಗಳಿಗೆ ಲೆಕ್ಕವಿಲ್ಲ; ಆದರೂ ಹಳೆಯ ಪೆಟ್ಟಿಗೆಯ ತಳದಲ್ಲಿ, ದೇವರ ಜಗಲಿಯ ಮೂಲೆಯಲ್ಲಿ ಒಂದೆರಡು ಉಳಿದಿರಲು ಸಾಧ್ಯ. ಅಂಚಿನ ಆ ಒಂದು ಸಾಲು ಕೈಗೆ ಸಿಕ್ಕಿದರೆ ಆಯೋಗದ ಸಾರ್ವಜನಿಕ ದಾಖಲೆಯಲ್ಲಿ ಆ ಹೆಸರಿದೆಯೇ ಎಂಬುದನ್ನು ಪರಿಶೀಲಿಸಬಹುದು. ಇಲ್ಲವಾದಲ್ಲಿ ಸೇರಿಸಬೇಕೆಂದು ಆಧಾರಸಹಿತವಾಗಿ ಕೇಳಬಹುದು.

ಬಸವಕಲ್ಯಾಣ, ಹುಮನಾಬಾದ ತಾಲ್ಲೂಕುಗಳ ಶಾಲೆಗಳು ತಮ್ಮ ಇತಿಹಾಸ ಪಾಠದ ಅಂಗವಾಗಿ ಇದನ್ನು ಕೈಗೊಳ್ಳಬಹುದು. ವಿದ್ಯಾರ್ಥಿಯು ತನ್ನ ಊರಿನ ಹಿರಿಯರನ್ನು ಕಂಡು, ಪರದೇಶಕ್ಕೆ ಸೈನ್ಯದಲ್ಲಿ ಹೋದವರ ಹೆಸರು, ತಂದೆಯ ಹೆಸರು, ಊರು, ಉಳಿದಿರುವ ಪದಕ ಅಥವಾ ಪಿಂಚಣಿ ಕಾಗದ ಇವನ್ನು ಬರೆದುಕೊಂಡು ಬರಬೇಕು. ಹಳೆಯ ವಿದ್ಯಾರ್ಥಿಗಳು ದೆಹಲಿ, ಹೈದರಾಬಾದ್ ಹಾಗೂ ಹೊರದೇಶಗಳಲ್ಲಿ ಇದಕ್ಕೆ ನೆರವಾಗಬಲ್ಲರು. ದಾನಿಗಳು ದೊರೆತ ಹೆಸರುಗಳ ಮುದ್ರಣಕ್ಕೂ, ಕಾಲ ಕೂಡಿಬಂದಾಗ ಒಂದು ಕಲ್ಲಿಗೂ ಸಹಾಯ ಮಾಡಬಲ್ಲರು. ಹತ್ತು ಹಳ್ಳಿಗಳಿಂದ ಒಂದೇ ಹೆಸರು ಬಂದರೂ ಅದು ನಷ್ಟವಲ್ಲ. ಆ ಒಂದು ಹೆಸರಿನವನು ನೂರು ವರ್ಷಗಳಿಂದ ಬರಿಯ ಒಂದು ಸಂಖ್ಯೆಯಾಗಿ ಉಳಿದಿದ್ದಾನೆ.