ವೃತ್ತಿನಿರತರ ಸ್ವಗತಿ ತರಬೇತಿ

ವೃತ್ತಿನಿರತರ ಸ್ವಗತಿ ತರಬೇತಿ ಎಂದರೆ ಉದ್ಯೋಗದಲ್ಲಿರುವವರು ತಂತ್ರಾಂಶ ಮೊದಲಾದ ತಾಂತ್ರಿಕ ಸಾಧನಗಳ ಬಳಕೆಯನ್ನು ಅಂತರಜಾಲದ ಮೂಲಕ, ಬಿಡುವಾದ ಹೊತ್ತಿನಲ್ಲಿ, ತಮ್ಮದೇ ವೇಗದಲ್ಲಿ ಕಲಿಯಲು ಅನುವಾಗುವಂತೆ ಸಿದ್ಧಪಡಿಸಿದ ತರಬೇತಿ. ಇದರಲ್ಲಿ ನಿಗದಿತ ವೇಳಾಪಟ್ಟಿಯಾಗಲಿ, ಎದುರಿಗೆ ನಿಂತು ಕಲಿಸುವ ಶಿಕ್ಷಕರಾಗಲಿ ಇರುವುದಿಲ್ಲ. ತರಗತಿಯಲ್ಲಿ ಶಿಕ್ಷಕರು ಕಲಿಯುವವರ ಮುಖಭಾವ ನೋಡಿ ಪಾಠದ ವೇಗ ತಗ್ಗಿಸುತ್ತಾರೆ, ತಪ್ಪನ್ನು ಅಲ್ಲಿಯೇ ತಿದ್ದುತ್ತಾರೆ, ತಿಳಿದ ವಿಷಯವನ್ನು ಬಿಟ್ಟು ಮುಂದೆ ಸಾಗುತ್ತಾರೆ. ಈ ಕೆಲಸಗಳನ್ನೆಲ್ಲ ಮುಂಚಿತವಾಗಿ ಊಹಿಸಿ ಪಾಠದೊಳಗೇ ಅಳವಡಿಸುವುದು ಇಂತಹ ತರಬೇತಿಯ ವಿನ್ಯಾಸಕಾರರ ಮುಖ್ಯ ಹೊಣೆಯಾಗಿದೆ.

ಹಿನ್ನೆಲೆ

ತಮ್ಮ ವೇಗದಲ್ಲಿ ಕಲಿಯುವ ಕ್ರಮವು ಅಂತರಜಾಲಕ್ಕಿಂತ ಹಳೆಯದು. 1950ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಪಾಠವನ್ನು ಚಿಕ್ಕ ಚಿಕ್ಕ ಮೆಟ್ಟಿಲುಗಳಾಗಿ ಒಡೆದು, ಪ್ರತಿ ಉತ್ತರವೂ ಸರಿಯೋ ತಪ್ಪೋ ಎಂಬುದನ್ನು ಕೂಡಲೇ ತಿಳಿಸುವ ಬೋಧನಾ ಯಂತ್ರವನ್ನು ರೂಪಿಸಿದರು. ಅವರ ಸಮಕಾಲೀನ ಫ್ರೆಡ್ ಕೆಲ್ಲರ್ 1960ರ ದಶಕದಲ್ಲಿ ಸಂಗಡಿಗರೊಡನೆ ರೂಪಿಸಿ, 1968ರ ಲೇಖನದಲ್ಲಿ ವಿವರಿಸಿದ ಪದ್ಧತಿಯಲ್ಲಿ ವಿದ್ಯಾರ್ಥಿಯು ಲಿಖಿತ ಪಾಠಗಳನ್ನು ತನ್ನ ವೇಗದಲ್ಲಿ ಓದಿಕೊಳ್ಳುತ್ತಿದ್ದನು. ಒಂದು ಘಟಕದಲ್ಲಿ ಪ್ರಭುತ್ವ ತೋರಿದ ಮೇಲಷ್ಟೇ ಮುಂದಿನ ಘಟಕಕ್ಕೆ ಹೋಗಬಹುದಿತ್ತು. ಆ ಪಾಠವನ್ನು ಈಗಾಗಲೇ ಕಲಿತ ಹಿರಿಯ ವಿದ್ಯಾರ್ಥಿಯೊಬ್ಬನು ಪಕ್ಕದಲ್ಲಿ ಕುಳಿತು ಉತ್ತರಗಳನ್ನು ಪರಿಶೀಲಿಸಿ, ಸಂದೇಹ ಬಗೆಹರಿಸುತ್ತಿದ್ದನು. ಇಂದಿನ ಅನೇಕ ಆನ್‌ಲೈನ್ ತರಬೇತಿಗಳು ಕೆಲ್ಲರ್ ಪದ್ಧತಿಯ ಮೊದಲ ಅಂಶವನ್ನು ಉಳಿಸಿಕೊಂಡು, ಈ ಕೊನೆಯ ಅಂಶವನ್ನು ಕೈಬಿಟ್ಟಿವೆ.

ಕಚೇರಿ ನೌಕರರ ಕಲಿಕೆಯ ಅಧ್ಯಯನ

1980ರ ದಶಕದಲ್ಲಿ ಜಾನ್ ಕ್ಯಾರಲ್ ಮತ್ತು ಅವರ ಸಹೋದ್ಯೋಗಿಗಳು ಐಬಿಎಂ ಸಂಸ್ಥೆಯ ವಾಟ್ಸನ್ ಸಂಶೋಧನಾ ಕೇಂದ್ರದಲ್ಲಿ, ಪದಸಂಸ್ಕರಣ ಯಂತ್ರಗಳನ್ನು ಹೊಸದಾಗಿ ಕಲಿಯುವವರನ್ನು ಹತ್ತಿರದಿಂದ ಗಮನಿಸಿದರು. ದಪ್ಪನೆಯ ಕೈಪಿಡಿಯನ್ನು ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ಓದುವವರು ವಿರಳವಾಗಿದ್ದರು. ಹೆಚ್ಚಿನವರು ಪುಟಗಳನ್ನು ಹಾರಿಸಿ, ಕೂಡಲೇ ಏನನ್ನಾದರೂ ಮಾಡಿ ನೋಡಲು ತೊಡಗುತ್ತಿದ್ದರು. ತಪ್ಪು ಮಾಡಿ, ಅದರಿಂದ ಹೊರಬರಲು ಬಹಳ ಸಮಯ ಕಳೆಯುತ್ತಿದ್ದರು. ಕೆಲಸ ಮುಗಿಸುವ ಆತುರದಲ್ಲಿರುವವರು ಕಲಿಯಲು ಸಮಯ ಕೊಡಲಾರರು, ಕಲಿಯದ ಕಾರಣ ಕೆಲಸ ಬೇಗ ಮುಗಿಯದು ಎಂಬ ಈ ವಿರೋಧಾಭಾಸವನ್ನು ಕ್ಯಾರಲ್ ಮತ್ತು ಮೇರಿ ಬೆತ್ ರಾಸನ್ 1987ರಲ್ಲಿ ವಿವರಿಸಿದರು.

ಈ ಅಧ್ಯಯನದಿಂದ ಎರಡು ಪರಿಹಾರಗಳು ಮೂಡಿದವು. 1984ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಹೊಸಬರು ಸಾಮಾನ್ಯವಾಗಿ ಎಡವುವ ಆಯ್ಕೆಗಳನ್ನು ತಂತ್ರಾಂಶದಲ್ಲಿ ತಾತ್ಕಾಲಿಕವಾಗಿ ತಡೆಹಿಡಿಯಲಾಯಿತು. ಮಕ್ಕಳ ಸೈಕಲ್ಲಿಗೆ ಜೋಡಿಸುವ ಪಕ್ಕದ ಚಕ್ರಗಳಂತೆ ಇದು ಕಲಿಯುವವರನ್ನು ಬೀಳದಂತೆ ಕಾಯಿತು. ಎರಡನೆಯದು ಚಿಕ್ಕ ಕೈಪಿಡಿ. ಅದರಲ್ಲಿ ಪೀಠಿಕೆ ಮತ್ತು ಸಿದ್ಧಾಂತಗಳನ್ನು ಆದಷ್ಟು ಕಡಿತಗೊಳಿಸಿ, ನಿಜವಾದ ಕೆಲಸಗಳಿಗೂ ತಪ್ಪನ್ನು ಗುರುತಿಸಿ ಸರಿಪಡಿಸುವ ಬಗೆಗೂ ಜಾಗ ಕೊಡಲಾಗಿತ್ತು. ಇದನ್ನು ಬಳಸಿದವರು ದೊಡ್ಡ ಕೈಪಿಡಿ ಬಳಸಿದವರಿಗಿಂತ ಬೇಗ ಕಲಿತರು. ಈ ವಿಚಾರಗಳನ್ನು ಕ್ಯಾರಲ್ 1990ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು.

ಅರಿವಿನ ಹೊರೆ

ಮನುಷ್ಯನ ಕಾರ್ಯಸ್ಮೃತಿಯು ಒಮ್ಮೆಗೆ ಕೆಲವೇ ಹೊಸ ಅಂಶಗಳನ್ನು ಹಿಡಿದಿಡಬಲ್ಲದು. ಇದನ್ನು ಆಧರಿಸಿ ಆಸ್ಟ್ರೇಲಿಯಾದ ಜಾನ್ ಸ್ವೆಲ್ಲರ್ 1988ರಲ್ಲಿ ಅರಿವಿನ ಹೊರೆಯ ಸಿದ್ಧಾಂತವನ್ನು ಮಂಡಿಸಿದರು. ಹೊಸಬರಿಗೆ ನೇರವಾಗಿ ಸಮಸ್ಯೆಯನ್ನು ಒಡ್ಡುವುದಕ್ಕಿಂತ, ಹಂತಹಂತವಾಗಿ ಬಿಡಿಸಿ ತೋರಿಸಿದ ಮಾದರಿಯನ್ನು ಮೊದಲು ಕೊಡುವುದು ಪರಿಣಾಮಕಾರಿ ಎಂದು ಅವರ ಪ್ರಯೋಗಗಳು ತೋರಿಸಿದವು. ಚಿತ್ರ ಒಂದೆಡೆ, ಅದರ ವಿವರಣೆ ಇನ್ನೊಂದೆಡೆ ಇದ್ದರೆ ಗಮನ ಹಂಚಿಹೋಗುತ್ತದೆ. ಆದರೆ ವಿಷಯ ಬಲ್ಲವರಿಗೆ ಇದೇ ವಿಸ್ತಾರವಾದ ಮಾರ್ಗದರ್ಶನ ಅಡ್ಡಿಯಾಗುವುದೂ ಉಂಟು. ಹತ್ತು ವರ್ಷ ಲೆಕ್ಕಪತ್ರ ನೋಡಿದವರು ಮತ್ತು ನಿನ್ನೆ ಸೇರಿದವರು ಒಂದೇ ತರಬೇತಿಗೆ ಬರುವುದರಿಂದ, ತಿಳಿದ ಭಾಗವನ್ನು ದಾಟಿ ಹೋಗುವ ದಾರಿಯನ್ನು ವಿನ್ಯಾಸದಲ್ಲೇ ಇಡಬೇಕಾಗುತ್ತದೆ.

ವಿನ್ಯಾಸದ ಕ್ರಮ

ತಂತ್ರಾಂಶದ ಮೆನುಗಳನ್ನು ಒಂದೊಂದಾಗಿ ಪರಿಚಯಿಸುವುದು ಸಾಮಾನ್ಯವಾಗಿ ಕಾಣುವ ದೋಷ. ನೌಕರನ ಕೆಲಸವು ಮೆನುವಿನ ಕ್ರಮದಲ್ಲಿ ನಡೆಯುವುದಿಲ್ಲ. ಆದ್ದರಿಂದ ಪಾಠಗಳನ್ನು ಕೆಲಸಗಳ ಸುತ್ತ ಕಟ್ಟಲಾಗುತ್ತದೆ. ಸ್ಪ್ರೆಡ್‌ಶೀಟ್ ಕಲಿಸುವ ಒಂದು ಘಟಕವನ್ನು ಉದಾಹರಣೆಯಾಗಿ ನೋಡಬಹುದು.

ಘಟಕದ ಗುರಿಯನ್ನು ‘ಸೂತ್ರಗಳ ಪರಿಚಯ’ ಎನ್ನುವ ಬದಲು ‘ತಿಂಗಳ ಖರ್ಚಿನ ಪಟ್ಟಿಯ ಮೊತ್ತ ತೆಗೆಯುವುದು’ ಎಂದು ನಿಗದಿಪಡಿಸಲಾಗುತ್ತದೆ. ಕೆಲಸವನ್ನು ಪೂರ್ತಿಯಾಗಿ ಒಮ್ಮೆ ಮಾಡಿ ತೋರಿಸಿದ ಬಳಿಕ, ಅರ್ಧ ಮಾಡಿದ ಪಟ್ಟಿಯೊಂದನ್ನು ಕೊಟ್ಟು ಉಳಿದದ್ದನ್ನು ಕಲಿಯುವವರಿಂದ ಮಾಡಿಸಲಾಗುತ್ತದೆ. ಕೊನೆಯಲ್ಲಿ ಯಾವ ನೆರವೂ ಇಲ್ಲದೆ ಹೊಸ ಪಟ್ಟಿಯೊಂದರ ಮೊತ್ತ ತೆಗೆಯಲು ಹೇಳಲಾಗುತ್ತದೆ. ಅಭ್ಯಾಸದ ಕಡತವನ್ನು ಪಾಠದ ಜೊತೆಗೇ ಒದಗಿಸಬೇಕು. ಇಲ್ಲವಾದರೆ ಬಹುಪಾಲು ಜನ ವಿಡಿಯೊ ನೋಡಿ ಅಷ್ಟಕ್ಕೇ ನಿಲ್ಲಿಸುತ್ತಾರೆ.

ಮುಂದಿನ ಹಂತವು ತಪ್ಪಿನ ಪಾಠ. ಬೇರೆಡೆಯಿಂದ ನಕಲು ಮಾಡಿ ತಂದ ಅಂಕಿಗಳು ಕೆಲವೊಮ್ಮೆ ಸಂಖ್ಯೆಗಳಾಗಿರದೆ ಪಠ್ಯವಾಗಿ ದಾಖಲಾಗಿರುತ್ತವೆ. ಆಗ ಕಾಲಂ ತುಂಬ ಅಂಕಿಗಳಿದ್ದರೂ ಮೊತ್ತ ಸೊನ್ನೆ ಎಂದು ಬರುತ್ತದೆ. ಕೆಲವೇ ಅಂಕಿಗಳು ಹಾಗಿದ್ದರೆ ಮೊತ್ತ ತುಸು ಕಡಿಮೆಯಾಗಿ, ಸಂದೇಹಕ್ಕೂ ಎಡೆಯಿಲ್ಲದಂತೆ ವರದಿಯೊಳಗೆ ಸೇರಿಹೋಗುತ್ತದೆ. ಈ ತಪ್ಪನ್ನು ಉದ್ದೇಶಪೂರ್ವಕವಾಗಿ ಅಭ್ಯಾಸದ ಕಡತದಲ್ಲಿಟ್ಟು, ಅದರ ಲಕ್ಷಣ, ಕಾರಣ ಮತ್ತು ಪರಿಹಾರವನ್ನು ಕಲಿಸಿದರೆ, ಕಚೇರಿಯಲ್ಲಿ ಅದು ಎದುರಾದಾಗ ಗುರುತಿಸುವುದು ಸುಲಭ.

ಪಾಠಗಳು ಚಿಕ್ಕದಾಗಿರುವುದು ಎರಡು ಕಾರಣಗಳಿಗೆ ಅನುಕೂಲ. ಊಟದ ಬಿಡುವಿನಲ್ಲಿ ಒಂದು ಘಟಕ ಮುಗಿಸಬಹುದು. ತಂತ್ರಾಂಶದ ಆವೃತ್ತಿ ಬದಲಾಗಿ ಪರದೆಯ ರೂಪ ಬೇರೆಯಾದಾಗ ಆ ಒಂದು ಘಟಕವನ್ನಷ್ಟೇ ಮರುರೂಪಿಸಬಹುದು. ವಿಡಿಯೊ ಜೊತೆಗೆ ಲಿಖಿತ ಪಠ್ಯವೂ ಇದ್ದರೆ ಶ್ರವಣದೋಷವುಳ್ಳವರಿಗೆ, ನಿಧಾನಗತಿಯ ಸಂಪರ್ಕ ಇರುವವರಿಗೆ ಹಾಗೂ ಮರೆತ ಒಂದು ಹಂತವನ್ನಷ್ಟೇ ಹುಡುಕುವವರಿಗೆ ನೆರವಾಗುತ್ತದೆ.

ಭಾಷೆ ಮತ್ತು ಕನ್ನಡ

ಮುಂಬಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ಪ್ರೊ. ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದಲ್ಲಿ ಬೆಳೆದ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯು ಮುಕ್ತ ತಂತ್ರಾಂಶಗಳನ್ನು ಸುಮಾರು ಹತ್ತು ನಿಮಿಷಗಳ ಪಾಠಗಳಲ್ಲಿ ಕಲಿಸುತ್ತದೆ. ಪರದೆಯ ಒಂದು ಬದಿಯಲ್ಲಿ ಪಾಠ, ಇನ್ನೊಂದು ಬದಿಯಲ್ಲಿ ತಂತ್ರಾಂಶ ತೆರೆದಿಟ್ಟು, ಪಾಠವನ್ನು ನಿಲ್ಲಿಸಿ ನಿಲ್ಲಿಸಿ ಜೊತೆಯಲ್ಲೇ ಮಾಡುವುದು ಅದರ ಕ್ರಮ. ಈ ಪಾಠಗಳ ಧ್ವನಿಯನ್ನು ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಿಗೆ ತರಲಾಗಿದೆ. ಪರದೆ ಮಾತ್ರ ಇಂಗ್ಲಿಷಿನಲ್ಲೇ ಉಳಿಯುತ್ತದೆ.

ಇಲ್ಲಿ ಪಾರಿಭಾಷಿಕ ಪದಗಳ ಪ್ರಶ್ನೆ ಎದುರಾಗುತ್ತದೆ. ಪರದೆಯ ಮೇಲೆ ‘ಸೇವ್’ ಎಂದು ಇಂಗ್ಲಿಷಿನಲ್ಲಿರುವಾಗ ಪಾಠದ ಧ್ವನಿ ‘ಉಳಿಸು’ ಎಂದಷ್ಟೇ ಹೇಳಿದರೆ, ಕಲಿಯುವವರು ಆ ಪದವನ್ನು ಪರದೆಯಲ್ಲಿ ಹುಡುಕುತ್ತ ಉಳಿಯುತ್ತಾರೆ. ಗುಂಡಿಯ ಹೆಸರನ್ನು ಪರದೆಯಲ್ಲಿರುವಂತೆಯೇ ಹೇಳಿ, ಅದು ಮಾಡುವ ಕೆಲಸವನ್ನು ಕನ್ನಡದಲ್ಲಿ ವಿವರಿಸುವುದು ಸೂಕ್ತ. ಕನ್ನಡ ಆವೃತ್ತಿಯಿರುವ ಲಿಬ್ರೆಆಫೀಸ್‌ನಂತಹ ತಂತ್ರಾಂಶಗಳನ್ನು ಕಲಿಸುವಾಗ ಯಾವ ಆವೃತ್ತಿಯನ್ನು ಬಳಸಲಾಗಿದೆ ಎಂಬುದನ್ನು ಆರಂಭದಲ್ಲೇ ತಿಳಿಸಬೇಕಾಗುತ್ತದೆ.

ಮೌಲ್ಯಮಾಪನ

ಕಲಿತದ್ದನ್ನು ಮತ್ತೆ ಓದುವುದಕ್ಕಿಂತ ನೆನಪಿನಿಂದ ಹೊರತೆಗೆಯುವುದು ದೀರ್ಘಕಾಲದ ಸ್ಮರಣೆಗೆ ಸಹಕಾರಿ ಎಂದು ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರ ಅಧ್ಯಯನದಲ್ಲಿ ತೋರಿಸಿದರು. ಹೀಗಾಗಿ ಕಿರುಪರೀಕ್ಷೆಯು ಅಂಕ ಕೊಡುವ ಸಾಧನವಷ್ಟೇ ಅಲ್ಲದೆ ಕಲಿಕೆಯ ಭಾಗವೂ ಆಗಿದೆ. ಉತ್ತರ ತಪ್ಪಾದಾಗ ‘ತಪ್ಪು’ ಎಂದು ಸೂಚಿಸಿ ಸುಮ್ಮನಾಗದೆ, ಏಕೆ ತಪ್ಪು ಎಂಬುದನ್ನು ಅಲ್ಲಿಯೇ ತಿಳಿಸಬೇಕು. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಮುಂದಿಟ್ಟ ಮಾದರಿಯು ತರಬೇತಿಯನ್ನು ಅಭಿಪ್ರಾಯ, ಕಲಿಕೆ, ಕೆಲಸದಲ್ಲಿ ಕಂಡ ಬದಲಾವಣೆ ಮತ್ತು ಸಂಸ್ಥೆಗಾದ ಫಲಿತಾಂಶ ಎಂಬ ನಾಲ್ಕು ನೆಲೆಗಳಲ್ಲಿ ಅಳೆಯುತ್ತದೆ. ಪಾಠ ಪೂರ್ಣಗೊಳಿಸಿದ್ದಕ್ಕೆ ದೊರೆಯುವ ಪ್ರಮಾಣಪತ್ರವು ಮೂರನೆಯ ನೆಲೆಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಮಿತಿಗಳು

ಎಲ್ಲರಿಗೂ ತೆರೆದ ಆನ್‌ಲೈನ್ ತರಬೇತಿಗಳಿಗೆ ಹೆಸರು ನೋಂದಾಯಿಸಿದವರಲ್ಲಿ ಬಹುಪಾಲು ಜನ ಕೊನೆಯವರೆಗೆ ಉಳಿಯುವುದಿಲ್ಲ. ಬೇಕಾದಷ್ಟನ್ನು ಕಲಿತು ಹೊರಟವರೂ ಇವರಲ್ಲಿರುವುದರಿಂದ ಅದನ್ನೆಲ್ಲ ಸೋಲೆಂದು ಎಣಿಸಲಾಗದು. ಆದರೆ ಸಂದೇಹ ಬಂದಲ್ಲಿ ಕೇಳಲು ಯಾರೂ ಇಲ್ಲದೆ ಬಿಟ್ಟವರೂ ಇದ್ದಾರೆ. ಕೆಲ್ಲರ್ ಪದ್ಧತಿಯ ಹಿರಿಯ ವಿದ್ಯಾರ್ಥಿಯ ಸ್ಥಾನದಲ್ಲಿ ಈಗಾಗಲೇ ಕಲಿತ ಸಹೋದ್ಯೋಗಿಯೊಬ್ಬರನ್ನು ನೇಮಿಸುವುದು ಇದಕ್ಕೊಂದು ಪರಿಹಾರ.

ಸಮಯದ ಪ್ರಶ್ನೆಯನ್ನು ವಿನ್ಯಾಸವೊಂದೇ ಬಗೆಹರಿಸಲಾರದು. ಸ್ವಗತಿ ತರಬೇತಿಯನ್ನು ಯಾವಾಗ ಬೇಕಾದರೂ ಮಾಡಬಹುದಾದ್ದರಿಂದ, ಕೆಲಸದ ವೇಳೆಯಲ್ಲಿ ಅದಕ್ಕೆ ಬಿಡುವು ಕೊಡದೆ ನೌಕರರ ಸ್ವಂತ ಹೊತ್ತಿಗೆ ತಳ್ಳುವ ಸಾಧ್ಯತೆ ಇದೆ. ಆಗ ಮನೆಯಲ್ಲಿ ಮಕ್ಕಳನ್ನು, ವೃದ್ಧರನ್ನು ನೋಡಿಕೊಳ್ಳುವವರು ಮತ್ತು ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಹಿಂದುಳಿಯುತ್ತಾರೆ. ಕೆಲಸದ ಅವಧಿಯಲ್ಲೇ ನಿಗದಿತ ಸಮಯ ಮತ್ತು ಅಭ್ಯಾಸಕ್ಕೆ ಕಂಪ್ಯೂಟರ್ ಒದಗಿಸಿದಾಗ ಮಾತ್ರ ‘ತಮ್ಮ ವೇಗದಲ್ಲಿ’ ಎಂಬ ಅನುಕೂಲವು ಎಲ್ಲರಿಗೂ ಸಮಾನವಾಗಿ ದೊರೆಯುತ್ತದೆ.