ಮಳೆ ಬಂದರೆ ನಿಂತಲ್ಲೇ ಸವಾರಿ

ದೇವನಹಳ್ಳಿ ದಾಟಿ ನಂದಿಬೆಟ್ಟದತ್ತ ನಸುಕಿನಲ್ಲೇ ಸೈಕಲ್ ತುಳಿಯುವವರಿಗೆ ಜೂನ್‌ನಿಂದ ನವೆಂಬರ್‌ವರೆಗೆ ಮಳೆಯದೇ ಚಿಂತೆ. ಒದ್ದೆ ಹೆದ್ದಾರಿಯಲ್ಲಿ, ಲಾರಿಗಳ ಪಕ್ಕದಲ್ಲಿ ಚಕ್ರ ಜಾರಿದರೆ ವ್ಯಾಯಾಮ ಪ್ರಾಣಕ್ಕೇ ಎರವಾದೀತು.

ಇದಕ್ಕೊಂದು ಉಪಾಯ ‘ಟ್ರೈನರ್’ ಎಂಬ ಸ್ಟ್ಯಾಂಡ್. ಇದು ಸೈಕಲ್‌ನ ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ ಹಿಡಿಯುತ್ತದೆ. ಟೈರಿಗೆ ಒತ್ತಿಕೊಂಡ ರೋಲರ್ ತುಳಿತಕ್ಕೆ ಭಾರ ಕೊಡುತ್ತದೆ. ಚಕ್ರ ಕಳಚಿ ಜೋಡಿಸುವ, ಕಂಪ್ಯೂಟರಿಗೆ ಹೊಂದಿಕೊಳ್ಳುವ ಮಾದರಿಗಳು ದುಬಾರಿ. ಮೈ ಬೆವರಿದರೆ ಸಾಕೆನ್ನುವವರಿಗೆ ಆಯಸ್ಕಾಂತದ ಅಗ್ಗದ ಮಾದರಿ ಧಾರಾಳವಾಯಿತು.

ಕೊಳ್ಳುವ ಮುನ್ನ ನಿಮ್ಮ ಸೈಕಲ್ಲನ್ನೇ ಒಯ್ದು ಕೂರಿಸಿ ನೋಡಿ. ಹಿಂದಿನ ಅಚ್ಚು ನಟ್ಟು ಬಿಗಿಯುವಂಥದ್ದಾದರೆ ಎಲ್ಲ ಸ್ಟ್ಯಾಂಡೂ ಹೊಂದುವುದಿಲ್ಲ. ದಪ್ಪ ಹಲ್ಲಿನ ಟೈರ್ ಗದ್ದಲವೆಬ್ಬಿಸುತ್ತದೆ, ನುಣುಪಾದದ್ದೇ ಲೇಸು. ಕೆಳಗೊಂದು ರಬ್ಬರ್ ಚಾಪೆ, ಎದುರಿಗೊಂದು ಫ್ಯಾನ್ ಇರಲಿ. ಗಾಳಿಯಾಡದ ಕೋಣೆಯಲ್ಲಿ ಬೆವರು ಆರದು, ದಣಿವು ಬೇಗ.